ಪೋಲೆಂಡಿನ ಹೂವಿನ ಚಿತ್ತಾರದ ಊರು ಜಾಲಿಪ್ಯೆ: ನಿಜವಾದ ಊರಾ, ಇಲ್ಲ ಟೂರಿಸ್ಟ್ ಸೆಟ್ಟಾ?

ವಿಸ್ತುಲಾ_ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ಕ್ರಾಕೋವ್‌ನಲ್ಲಿದ್ದೀನಿ, ಜೂನ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ಕೋಟೆ, ಉಪ್ಪಿನ ಗಣಿ ಎಲ್ಲಾ ಲಿಸ್ಟಲ್ಲಿದೆ, ಆದ್ರೆ ಅಮ್ಮ ಯಾವ್ದೋ ರೀಲ್ಸ್ ನೋಡಿ "ಮನೆ ಗೋಡೆ, ಬಾವಿ, ನಾಯಿ ಗೂಡು ಎಲ್ಲಕ್ಕೂ ಹೂವು ಬರೆದಿರೋ ಊರು ಅಲ್ಲೇ ಎಲ್ಲೋ ಇದೆಯಂತಲ್ಲ, ಅಲ್ಲಿಗೆ ಕರ್ಕೊಂಡು ಹೋಗು" ಅಂತ ಹಠ ಹಿಡಿದಿದ್ದಾರೆ. ಹುಡುಕಿದಾಗ ಗೊತ್ತಾಯ್ತು, ಅದು ಟಾರ್ನೋವ್ ಹತ್ರದ ಜಾಲಿಪ್ಯೆ ಅಂತ. ಫೋಟೋ ಸಾವಿರ ಸಿಗುತ್ತೆ, ಆದ್ರೆ ಊರಿನ ಕಥೆ ಏನು ಅಂತ ಯಾರೂ ಸರಿಯಾಗಿ ಬರ್ದಿಲ್ಲ, ಎಲ್ಲರೂ "ಬಣ್ಣದ ಲೋಕ" "ಸ್ವರ್ಗ" ಅಂತ ನಾಲ್ಕು ಸಾಲು ಗೀಚಿ ಬಿಟ್ಟಿದ್ದಾರೆ. ಯಾಕೆ ಬರೆಯೋಕೆ ಶುರು ಮಾಡಿದ್ರು, ಯಾರು ಬರೀತಾರೆ, ಅಲ್ಲಿ ಜನ ನಿಜವಾಗ್ಲೂ ಬಾಳ್ತಿದ್ದಾರಾ ಅಥವಾ ಟೂರಿಸ್ಟ್‌ಗೆ ಅಂತ ಮಾಡಿದ ಸೆಟ್ಟಾ? ನಮ್ಮ ಸಾಗರದ ಕಡೆ ಹಸೆ ಚಿತ್ತಾರ ಇದ್ಯಲ್ಲ, ಆ ತರ ಮದುವೆಗೆ ಅಂತ ಬರೆಯೋದಾ? ಹೋಗಿ ಬಂದವರು, ಆ ಕಡೆ ಇರೋರು ಯಾರಾದ್ರೂ ಇದ್ರೆ ಸ್ವಲ್ಪ ವಿವರವಾಗಿ ಹೇಳಿ.

ಸುಣ್ಣ_ಮಸಿ:
ಹೋಗಿದ್ದೀನಿ, ಒಂದಕ್ಕಿಂತ ಹೆಚ್ಚು ಸಲ. ಇಲ್ಲ, ಮದುವೆಗೆ ಅಂತ ಅಲ್ಲ. ಇದರ ಮೂಲ ಹೂವೂ ಅಲ್ಲ, ಹೊಗೆ.

ಆ ಕಡೆ ಹಳೇ ಕಾಲದ ಮರದ ಮನೆಗಳಿಗೆ ಚಿಮಣಿ ಇರ್ಲಿಲ್ಲ. ಒಲೆ ಹೊಗೆ ಮನೆ ತುಂಬಾ ಸುತ್ತಾಡಿ ಬಾಗಿಲಿಂದಲೋ ಮಾಡಿನ ಸಂದಿಯಿಂದಲೋ ಹೊರಗೆ ಹೋಗ್ಬೇಕಿತ್ತು, ಹಾಗಾಗಿ ಗೋಡೆ ಸೂರು ಎಲ್ಲಾ ಮಸಿ ಹಿಡಿದು ಕಪ್ಪಗೆ ಇರ್ತಿತ್ತು. ಹಬ್ಬ ಬಂತು ಅಂದ್ರೆ ಹೆಂಗಸರು ಗೋಡೆ ತಿಕ್ಕಿ ತೊಳೆದು, ತೊಳೆದ್ರೂ ಹೋಗದ ಕಪ್ಪಿನ ಮೇಲೆ ಸುಣ್ಣದ ನೀರಲ್ಲಿ ಹುಲ್ಲಿನ ಕುಂಚ ಅದ್ದಿ ಬಿಳಿ ಬಿಳಿ ಮಚ್ಚೆ ಹೊಡೀತಿದ್ರು, ಮನೆ ಸ್ವಲ್ಪ ಬೆಳಕಾಗಿ ಕಾಣ್ಲಿ ಅಂತ ಅಷ್ಟೇ. ಆಮೇಲೆ 19ನೇ ಶತಮಾನದ ಕೊನೆ ಹೊತ್ತಿಗೆ ಚಿಮಣಿ ಇರೋ ಒಲೆ ಬಂತು. ಈಗ ಗೋಡೆ ಬೆಳ್ಳಗೇ ಉಳಿಯೋಕೆ ಶುರು ಆಯ್ತು, ಬಿಳಿ ಗೋಡೆ ಮೇಲೆ ಬಿಳಿ ಮಚ್ಚೆ ಹೊಡೆದ್ರೆ ಏನು ಕಾಣುತ್ತೆ? ಆಗ ಅದೇ ಒಲೆ ಮಸಿ, ಕೆಮ್ಮಣ್ಣು, ಹಳದಿ ಮಣ್ಣು ತಗೊಂಡು ಬರೆಯೋಕೆ ಹಿಡಿದ್ರು. ಮಚ್ಚೆ ಹೋಗಿ ಗೆರೆ ಆಯ್ತು, ಗೆರೆ ಹೋಗಿ ಎಲೆ ಆಯ್ತು, ನಾಲ್ಕು ಮಚ್ಚೆ ಸುತ್ತ ಇಟ್ರೆ ಹೂವೇ ತಾನೇ. ಕುಂಚ ಅಂದ್ರೆ ಅಂಗಡಿದಲ್ಲ, ಕಡ್ಡಿ ತುದಿ ಜಜ್ಜಿದ್ದು ಅಥವಾ ದನದ ಬಾಲದ ಕೂದಲು ಕಟ್ಟಿದ್ದು. ಅಂಗಡಿ ಪುಡಿ ಬಣ್ಣ ಬಂದ ಮೇಲೆ ಅದನ್ನ ಹಾಲಲ್ಲೋ ಮೊಟ್ಟೇಲೋ ಕಲಸ್ತಿದ್ರು ಗೋಡೆಗೆ ಅಂಟ್ಲಿ ಅಂತ. ಈಗ ಬಿಡಿ, ಎಲ್ಲರೂ ಡಬ್ಬ ಪೇಂಟೇ, ಮಳೆಗೆ ಹೋಗಲ್ಲ.

ಮೊದಲು ಮನೆ ಒಳಗೆ ಮಾತ್ರ ಇದ್ದಿದ್ದು ಆಮೇಲೆ ಹೊರಗಿನ ಗೋಡೆಗೆ ಬಂತು, ಅಲ್ಲಿಂದ ಕೊಟ್ಟಿಗೆ, ಬಾವಿಕಟ್ಟೆ, ಕೋಳಿಗೂಡು, ಸಿಕ್ಕಿದ್ದಕ್ಕೆಲ್ಲ. ಊರಿನ ಹೊರಗಿನವರ ಕಣ್ಣಿಗೆ ಬಿದ್ದಿದ್ದು 1905ರ ಸುಮಾರಿಗೆ, ವ್ವಾದಿಸ್ವಾಫ್ ಹಿಕೆಲ್ ಅನ್ನೋರು ಜಾನಪದ ಪತ್ರಿಕೆ ಒಂದ್ರಲ್ಲಿ ಇದರ ಬಗ್ಗೆ ಬರೆದ್ರು.

ಇನ್ನು ಆ ಊರು ಅಂದ್ರೆ ಒಂದು ಹೆಸರು ಹೇಳ್ಲೇಬೇಕು, ಫೆಲಿತ್ಸ್ಯಾ ತ್ಸುರಿವೊವಾ. 1904ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ್ರು, ರೈತ ಹೆಂಗಸು. ತನ್ನ ಮನೇಲಿ ಒಲೆ, ಸೂರಿನ ತೊಲೆ, ಕಿಟಕಿ ಸುತ್ತ, ಒಂದು ಗೇಣು ಜಾಗ ಬಿಡದೆ ಬರೆದವರು, ಜೊತೆಗೆ ಅಕ್ಕಪಕ್ಕದ ಹೆಂಗಸರನ್ನೂ ಬರೆಯೋಕೆ ಎಳೆದವರು. ಈಗ ಆ ಮನೆ ಟಾರ್ನೋವ್ ಮ್ಯೂಸಿಯಂನ ಶಾಖೆ. ಅಮ್ಮನ್ನ ಕರ್ಕೊಂಡು ಹೋದ್ರೆ ಮೊದಲು ಅಲ್ಲಿಗೇ ಹೋಗಿ, ಗೋಡೆ ಜೊತೆ ಕಾಗದದ ಹೂವು, ಕಸೂತಿ ದಿಂಬು, ಸೂರಿಂದ ಹುಲ್ಲುಕಡ್ಡಿ ಮತ್ತೆ ಕಾಗದದಲ್ಲಿ ಮಾಡಿ ಇಳಿಬಿಟ್ಟ ಜೇಡರ ಬಲೆ ತರದ ತೂಗು ಅಲಂಕಾರ, ಸಾಲಾಗಿ ಸಂತರ ಪಟಗಳು, ಒಂದೊಂದೂ ನೋಡೋ ಹಾಗಿದೆ.

ಹುಬ್ಬಳ್ಳಿ_ಹೈದ:
ನಾ ಒಂದ್ ಮಾತ್ ಹೇಳ್ತೀನಿ ಬೇಜಾರ್ ಮಾಡ್ಕೋಬ್ಯಾಡ್ರಿ. ನಾನೂ ಹೋಗಿದ್ದೆ. ಊರ್ ತುಂಬ ಹೂವ ಇರ್ತಾವ ಅಂತ ತಿಳ್ಕೊಂಡ್ ಹೋದ್ರ ನಿರಾಶಾ ಗ್ಯಾರಂಟಿ. ಮನಿ ಒಂದ್ ಇಲ್ಲಿ ಐತಿ ಒಂದ್ ಅಲ್ಲಿ ಐತಿ, ನಡುವ ಬರೇ ಹೊಲ, ನಡಕೊಂತ ಹೋಗಿ ಕಾಲ್ ನೋವು ಬಂತು. ಚಿತ್ರ ಇರೂ ಮನಿಗಿಂತ ಇಲ್ಲದ ಮನೀನ ಜಾಸ್ತಿ. ಮತ್ತ ಇದು ಪರಂಪರಾ ಗಿರಂಪರಾ ಅಂತೀರಲ್ಲ, ಯುದ್ಧ ಮುಗದ ಮ್ಯಾಲೆ ಕಮ್ಯುನಿಸ್ಟ್ ಸರಕಾರ "ನೋಡ್ರಿ ನಮ್ ರೈತ್ರು ಎಷ್ಟ್ ಖುಷಿಯಿಂದ ಅದಾರ" ಅಂತ ತೋರ್ಸಾಕ ಕಾಂಪಿಟಿಶನ್ ಇಟ್ಟು ಬಹುಮಾನ ಕೊಟ್ಟು ಬೆಳಸಿದ್ದು. ರೊಕ್ಕ ನಿಂತ್ರ ಹೂವೂ ನಿಂತ್ವು.

ಸುಣ್ಣ_ಮಸಿ:
ಹುಬ್ಬಳ್ಳಿ ಸರ್, ಮನೆಗಳು ದೂರ ದೂರ ಅನ್ನೋದು ನೂರಕ್ಕೆ ನೂರು ನಿಜ, ಕಾರಿಲ್ಲದೆ ಹೋಗ್ಬಾರ್ದು. ಎಲ್ಲಾ ಮನೇಲೂ ಚಿತ್ರ ಇಲ್ಲ ಅನ್ನೋದೂ ನಿಜ. ಆದ್ರೆ ಸ್ಪರ್ಧೆ ವಿಷಯ ಅರ್ಧ ಸರಿ. "ಚಿತ್ರದ ಮನೆ" ಸ್ಪರ್ಧೆ ಮೊದಲು ನಡೆದಿದ್ದು 1948ರಲ್ಲಿ, ಯುದ್ಧದಲ್ಲಿ ಬಸವಳಿದ ಹಳ್ಳಿ ಮತ್ತೆ ಚೇತರಿಸ್ಕೊಳ್ಲಿ ಅಂತ. ಪ್ರತಿವರ್ಷ ತಪ್ಪದೆ ನಡೀತಾ ಬಂದಿರೋದು 1965ರಿಂದ. ಸರ್ಕಾರಕ್ಕೆ ಅದರಿಂದ ಒಳ್ಳೆ ಪ್ರಚಾರ ಸಿಕ್ತು, ಜಾನಪದ ಕಲೆ ಮಾರೋ ಸೆಪೆಲಿಯಾ ಅಂತ ಸಹಕಾರಿ ಸಂಸ್ಥೆ 1949ರಲ್ಲಿ ಶುರು ಆಗಿತ್ತು, ಅದರ ಮೂಲಕ ಇವರ ಕೈಕೆಲಸಕ್ಕೆ ಪೇಟೆನೂ ಸಿಕ್ತು, ಒಪ್ಪಿದೆ. ಆದ್ರೆ 1905ರಲ್ಲಿ ಯಾವ ಕಮ್ಯುನಿಸ್ಟ್ ಇದ್ದ ಹೇಳಿ. ಮತ್ತೆ 1989ರಲ್ಲಿ ಆ ಸರ್ಕಾರ ಬಿದ್ದು ಇಷ್ಟು ವರ್ಷ ಆಯ್ತು, ಸ್ಪರ್ಧೆ ಇನ್ನೂ ನಡೀತಿದೆ. ಬಹುಮಾನದ ದುಡ್ಡು ದೊಡ್ಡದೇನಲ್ಲ, ಪೇಂಟ್ ಖರ್ಚಿಗೂ ಕಷ್ಟ ಅಂತಾರೆ ಅಲ್ಲಿನ ಹೆಂಗಸರು. ಪಕ್ಕದ ಮನೆಯವಳು ಬರೆದಿದ್ದಾಳೆ ನಾನು ಬರೀದಿದ್ರೆ ಹೇಗೆ ಅನ್ನೋ ಹುರುಡು ಇದ್ಯಲ್ಲ, ಅದರ ಮುಂದೆ ಸರ್ಕಾರದ ದುಡ್ಡು ಯಾವ ಲೆಕ್ಕ.

ಹಳೇ_ಕಡತ:
ಚರ್ಚೆ ಬರೀ ಗೋಡೆ ಮೇಲೇ ನಿಂತ್ಬಿಟ್ಟಿದೆ, ಆ ಸೀಮೆ ಹೇಗಿತ್ತು ಅಂತ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ ಮಸಿ ಗೋಡೆ ಸುಮ್ನೆ ಬಂದಿದ್ದಲ್ಲ, ಅದು ಬಡತನದ ಗೋಡೆ.

ಜಾಲಿಪ್ಯೆ ಇರೋದು ವಿಸ್ತುಲಾ ಮತ್ತೆ ದುನಾಯೆಟ್ಸ್ ನದಿಗಳ ನಡುವಿನ ಬಯಲಲ್ಲಿ. 1772ರಲ್ಲಿ ಪೋಲೆಂಡನ್ನ ನೆರೆಯ ಮೂರು ರಾಜ್ಯಗಳು ಹರ್ಕೊಂಡು ತಿನ್ನೋಕೆ ಶುರು ಮಾಡಿದಾಗ ಈ ಭಾಗ ಆಸ್ಟ್ರಿಯಾ ಪಾಲಾಯ್ತು, ಗಲಿಷಿಯಾ ಅಂತ ಹೆಸರಿಟ್ರು. 1815ರ ನಂತರ ವಿಸ್ತುಲಾನೇ ಗಡಿ, ಆಚೆ ದಡ ರಷ್ಯಾದ ಚಕ್ರವರ್ತಿದು. ಅಂದ್ರೆ ಇವರದ್ದು ಗಡಿ ಮೂಲೇಲಿ ಯಾರಿಗೂ ಬೇಡವಾದ ಜಾಗ, ಮೇಲಿಂದ ನೆರೆ ಹಾವಳಿ ಬೇರೆ. ರೈತ ಜಮೀನ್ದಾರನ ಹೊಲದಲ್ಲಿ ವಾರಕ್ಕೆ ಇಷ್ಟು ದಿನ ಅಂತ ಬಿಟ್ಟಿ ದುಡೀಬೇಕಿತ್ತು. 1846ರ ಫೆಬ್ರವರಿಲಿ ಇದೇ ಟಾರ್ನೋವ್ ಸುತ್ತಮುತ್ತ ರೈತರು ತಿರುಗಿಬಿದ್ರು. ಜಮೀನ್ದಾರರು ಆಸ್ಟ್ರಿಯಾ ವಿರುದ್ಧ ಪೋಲಿಷ್ ದಂಗೆ ಎಬ್ಬಿಸೋಕೆ ಹೊರಟಿದ್ರು, ರೈತರು ದಂಗೆ ಸೇರೋ ಬದಲು ಜಮೀನ್ದಾರರನ್ನೇ ಕಡಿದು ಹಾಕಿದ್ರು, ಆಸ್ಟ್ರಿಯಾ ಅಧಿಕಾರಿಗಳು ನೋಡಿಯೂ ನೋಡದ ಹಾಗೆ ಇದ್ರು. ಸುಮಾರು ಸಾವಿರ ಜನ ಸತ್ರು, ನೂರಾರು ಬಂಗಲೆ ಲೂಟಿ ಆಯ್ತು. ದೇಶ ಅಂದ್ರೆ ಯಾರ ದೇಶ ಅಂತ ಬಿಟ್ಟಿ ದುಡಿಯೋನಿಗೆ ಅನ್ನಿಸಿದ್ರೆ ತಪ್ಪೇನು ಅಂತ ನನಗಂತೂ ಅನ್ಸುತ್ತೆ, ಆದ್ರೆ ನಡೆದಿದ್ದು ಭೀಕರ. 1848ರಲ್ಲಿ ಗಲಿಷಿಯಾದಲ್ಲಿ ಬಿಟ್ಟಿ ಚಾಕರಿ ರದ್ದಾಯ್ತು.

ರದ್ದಾದ್ರೂ ಹೊಟ್ಟೆ ತುಂಬ್ಲಿಲ್ಲ. ಇರೋ ಭೂಮಿನ ಮಕ್ಕಳಿಗೆ ಹಂಚಿ ಹಂಚಿ ಒಬ್ಬೊಬ್ಬನಿಗೆ ಪಟ್ಟಿಯಷ್ಟು ಉಳೀತು, ಆಲೂಗಡ್ಡೆ ಬೆಳೆ ಕೆಟ್ಟ ವರ್ಷ ಹಸಿವು. 1880ರ ದಶಕದಿಂದ ಮೊದಲ ಮಹಾಯುದ್ಧದ ತನಕ ಇಲ್ಲಿಂದ ಜನ ಹಿಂಡು ಹಿಂಡಾಗಿ ಅಮೆರಿಕಕ್ಕೆ ಹೋದ್ರು, ಷಿಕಾಗೋ ಕಡೆ ಕಸಾಯಿಖಾನೆ, ಉಕ್ಕಿನ ಕಾರ್ಖಾನೆ ಕೆಲಸಕ್ಕೆ. ಅಲ್ಲಿಂದ ಬಂದ ಡಾಲರಲ್ಲಿ ಊರಲ್ಲಿ ಭೂಮಿ ಕೊಂಡವರು, ಮನೆ ಕಟ್ಟಿಸಿದವರು ಬಹಳ.

ಇದೇ ಮಣ್ಣಿಂದ ಎದ್ದ ಒಬ್ಬರ ಬಗ್ಗೆ ಹೇಳ್ದೆ ಹೋದ್ರೆ ತಪ್ಪಾಗುತ್ತೆ, ವಿನ್ಸೆಂಟಿ ವಿಟೋಸ್. ಟಾರ್ನೋವ್ ಪಕ್ಕದ ವ್ಯೆಝ್ಖೊಸ್ವಾವಿತ್ಸೆ ಹಳ್ಳಿಯ ಬಡ ರೈತನ ಮಗ, 1874ರಲ್ಲಿ ಹುಟ್ಟಿದ್ದು. ಊರಿನ ಮುಖ್ಯಸ್ಥ ಆದ್ರು, ರೈತ ಪಕ್ಷ ಕಟ್ಟಿದವರಲ್ಲಿ ಒಬ್ಬರು, ಸ್ವತಂತ್ರ ಪೋಲೆಂಡಿಗೆ ಮೂರು ಸಲ ಪ್ರಧಾನಿ. 1920ರಲ್ಲಿ ಸೋವಿಯತ್ ಸೈನ್ಯ ವಾರ್ಸಾ ಬಾಗಿಲಿಗೆ ಬಂದಾಗ ಪ್ರಧಾನಿ ಆಗಿದ್ದೂ ಇವರೇ. ಬೂಟು ಹಾಕ್ಕೊಂಡು ಟೈ ಇಲ್ದೆ ಎಲ್ಲಾ ಕಡೆ ಹೋಗ್ತಿದ್ರು. 1926ರಲ್ಲಿ ಸೇನಾನಾಯಕ ಪಿಲ್ಸುದ್‌ಸ್ಕಿ ಸೈನ್ಯ ತಂದು ಇವರ ಸರ್ಕಾರ ಕೆಡವಿದ್ರು. ಅವರ ಮನೆ ಈಗ ಮ್ಯೂಸಿಯಂ, ಅಪ್ಪಂಗೆ ರಾಜಕೀಯದ ಹುಚ್ಚಿದ್ರೆ ದಾರೀಲೇ ಬರುತ್ತೆ, ತೋರ್ಸಿ.

ವಿಸ್ತುಲಾ_ದಂಡೆ:
ವಾವ್, ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಅಪ್ಪಂಗೆ ರಾಜಕೀಯದ ಹುಚ್ಚು ಸಾಕಷ್ಟಿದೆ 😀. ಇನ್ನೊಂದು, ಈಗ ಅಲ್ಲಿ ಜನಜೀವನ ಹೇಗೆ? ನಮ್ಮ ಪಂಚಾಯ್ತಿ ತರ ಏನಾದ್ರೂ ಇದ್ಯಾ? ಹಳ್ಳಿ ಕಡೆ ಕಾರಲ್ಲಿ ಹೋಗ್ತಾ ನೋಡಿದ್ರೆ ಒಬ್ಬ ಮನುಷ್ಯನೂ ಕಾಣಲ್ಲಪ್ಪ, ಎಲ್ಲರೂ ಎಲ್ಲಿರ್ತಾರೆ?

ಕುಡ್ಲದ_ಸೊಸೆ:
ಇದಕ್ಕೆ ನಾನು ಹೇಳ್ತೇನೆ. ನನ್ನ ಗಂಡನ ಊರು ಜಾಲಿಪ್ಯೆ ಅಲ್ಲ, ಆದರೆ ಅದೇ ಸೀಮೆಯ ಇನ್ನೊಂದು ಹಳ್ಳಿ, ಅತ್ತೆ ಮಾವ ಅಲ್ಲಿಯೇ ಇರುವುದು. ಕಾರಲ್ಲಿ ಹೋಗುವಾಗ ಜನ ಕಾಣುವುದಿಲ್ಲ ಹೌದು, ಯಾಕೆಂದರೆ ರಸ್ತೆ ಬದಿ ಕೂತು ಹರಟುವ ಕ್ರಮ ಕಡಿಮೆ. ಜನ ಸಿಗುವ ಜಾಗ ಮೂರು: ಇಗರ್ಜಿ, ಫೈರ್ ಸ್ಟೇಷನ್, ಮತ್ತೆ ಹೆಂಗಸರ ಸಂಘ.

ಫೈರ್ ಸ್ಟೇಷನ್ ಅಂದರೆ ಸರಕಾರಿ ಆಫೀಸ್ ಅಂದ್ಕೊಳ್ಬೇಡಿ. ಊರಿನ ಗಂಡಸರು, ಈಗ ಹುಡುಗಿಯರೂ, ಸಂಬಳ ಇಲ್ಲದೆ ಸ್ವಯಂಸೇವಕರಾಗಿ ನಡೆಸುವುದು. ಸೈರನ್ ಕೂಗಿತು ಅಂದರೆ ನನ್ನ ಮೈದುನ ಊಟದ ತಟ್ಟೆ ಬಿಟ್ಟು ಓಡ್ತಾನೆ. ಬೆಂಕಿ ಮಾತ್ರ ಅಲ್ಲ, ನೆರೆ ಬಂದರೆ ಮರಳು ಚೀಲ ಹಾಕುವುದು ಇವರೇ, ಗಾಳಿಗೆ ಮರ ಬಿದ್ದರೂ ಇವರೇ, ಕಣಜದ ಹುಳ ಗೂಡು ಕಟ್ಟಿದರೂ ಇವರಿಗೇ ಫೋನು. ಈಸ್ಟರ್ ಹಿಂದಿನ ದಿನ ಇಗರ್ಜಿಯಲ್ಲಿ ಯೇಸುವಿನ ಸಮಾಧಿ ಮಾಡಿರ್ತಾರಲ್ಲ, ಅದರ ಎರಡೂ ಬದಿ ಹೆಲ್ಮೆಟ್ ಯೂನಿಫಾರ್ಮ್ ಹಾಕಿ ಕಾವಲು ನಿಲ್ಲುವುದು ಸಹ ಇವರು. ಆ ಸ್ಟೇಷನ್ನಿನ ಹಾಲೇ ಊರಿನ ಕಲ್ಯಾಣಮಂಟಪ. ಮದುವೆ, ನಾಮಕರಣ, ಊರ ಸಭೆ, ಓಟು ಎಲ್ಲ ಅಲ್ಲಿಯೇ.

ಪಂಚಾಯತ್ ಕೇಳಿದ್ರಿ. ಕೆಲವು ಹಳ್ಳಿ ಸೇರಿ ಒಂದು ಗ್ಮೀನಾ, ಜಾಲಿಪ್ಯೆ ಒಲೆಸ್ನೊ ಗ್ಮೀನಾಕ್ಕೆ ಸೇರಿದ್ದು. ಅದರ ಕೆಳಗೆ ಪ್ರತಿ ಹಳ್ಳಿಗೆ ಒಬ್ಬ ಸೊವ್ಟಿಸ್, ಊರವರೇ ಸಭೆಯಲ್ಲಿ ಆರಿಸುವುದು. ದೊಡ್ಡ ಅಧಿಕಾರ ಏನಿಲ್ಲ, ಆದರೆ ಬೀದಿ ದೀಪ ಕೆಟ್ಟರೆ, ಚರಂಡಿ ಕಟ್ಟಿದರೆ ಬೈಸಿಕೊಳ್ಳುವುದು ಇವರೇ. 2009ರಲ್ಲಿ ಒಂದು ಕಾನೂನು ಬಂದ ಮೇಲೆ ಎಷ್ಟೋ ಕಡೆ ಗ್ಮೀನಾದವರು ಒಂದಿಷ್ಟು ದುಡ್ಡು ಹಳ್ಳಿಗೇ ಅಂತ ಎತ್ತಿಡ್ತಾರೆ, ಅದನ್ನು ಯಾವುದಕ್ಕೆ ಖರ್ಚು ಮಾಡುವುದು ಅಂತ ಊರ ಸಭೆಯೇ ಓಟು ಹಾಕಿ ತೀರ್ಮಾನ ಮಾಡುವುದು. ನಮ್ಮ ಅತ್ತೆಯ ಊರಲ್ಲಿ ಮಕ್ಕಳ ಜಾರುಬಂಡಿಯಾ ಇಲ್ಲ ಹಾಲಿಗೆ ಹೊಸ ಪಾತ್ರೆಯಾ ಅಂತ ದೊಡ್ಡ ಜಗಳ ಆಗಿ ಎರಡು ಮನೆಯವರು ಇನ್ನೂ ಮಾತಾಡುವುದಿಲ್ಲ.

ಹೆಂಗಸರ ಸಂಘ ಬಹಳ ಹಳೇದು, ಪೋಲೆಂಡಿನಲ್ಲಿ ಮೊದಲನೇದು 1866ರಲ್ಲೇ ಶುರು ಆದದ್ದು. ಕಮ್ಯುನಿಸ್ಟ್ ಕಾಲದಲ್ಲಿ ಕೋಳಿ ಮರಿ ಹಂಚುವುದು, ಮದುವೆಗೆ ತಟ್ಟೆ ಲೋಟ ಬಾಡಿಗೆ ಕೊಡುವುದು ಇವರ ಕೆಲಸ ಅಂತ ಅತ್ತೆ ಹೇಳ್ತಾರೆ. 2018ರಲ್ಲಿ ಹೊಸ ಕಾನೂನು ಬಂದು ಸಂಘ ರಿಜಿಸ್ಟರ್ ಮಾಡಿದರೆ ಸರಕಾರದ ಅನುದಾನ ಸಿಗುವ ಹಾಗೆ ಆಯ್ತು, ಆಮೇಲೆ ಮಲಗಿದ್ದ ಸಂಘ ಎಲ್ಲ ಎದ್ದು ಕೂತವು. ಬೇಸಿಗೆ ಕೊನೆಗೆ ಕೊಯ್ಲಿನ ಹಬ್ಬ, ಕಾಳಿನ ತೆನೆಗಳಲ್ಲಿ ಆಳೆತ್ತರದ ಕಿರೀಟ ಕಟ್ಟಿ ಇಗರ್ಜಿಗೆ ಮೆರವಣಿಗೆ ತರ್ತಾರೆ, ಯಾವ ಊರಿನ ಕಿರೀಟ ಚಂದ ಅಂತ ಅದಕ್ಕೂ ಸ್ಪರ್ಧೆ! ರಾತ್ರಿ ಇಡೀ ಕೂತು ಕಟ್ಟುವುದು ಈ ಸಂಘದವರೇ.

ನೀವು ಜೂನ್‌ಗೆ ಹೋಗುವುದಾದರೆ ಪರಮಪ್ರಸಾದದ ಹಬ್ಬ (ಕಾರ್ಪಸ್ ಕ್ರಿಸ್ಟಿ) ನೋಡಿಕೊಳ್ಳಿ, ಈಸ್ಟರ್ ಆಗಿ 60 ದಿನಕ್ಕೆ ಬರ್ತದೆ, ಯಾವಾಗಲೂ ಗುರುವಾರ. ಕೆಲವು ವರ್ಷ ಮೇ ಕೊನೆಗೇ ಬರ್ತದೆ, ಹಾಗಾಗಿ ಕ್ಯಾಲೆಂಡರ್ ನೋಡಿ. ಮೆರವಣಿಗೆಯಲ್ಲಿ ಚಿಕ್ಕ ಹುಡುಗಿಯರು ದಾರಿ ತುಂಬ ಹೂವಿನ ಎಸಳು ಚೆಲ್ಲಿಕೊಂಡು ಹೋಗ್ತಾರೆ. ಜಾಲಿಪ್ಯೆಯ ಹೆಂಗಸರು ಗೋಡೆ ಹೊಸದಾಗಿ ಬರೆಯುವುದು ಈ ಹಬ್ಬದ ಲೆಕ್ಕದಲ್ಲಿಯೇ, ಬಿತ್ತನೆ ಮುಗಿದು ಕೊಯ್ಲು ಇನ್ನೂ ಶುರುವಾಗದ ಹೊತ್ತು ಅಲ್ವಾ. ಹಬ್ಬದ ನಂತರದ ವಾರಾಂತ್ಯಕ್ಕೆ ಸ್ಪರ್ಧೆಯವರು ಮನೆ ಮನೆಗೆ ಬಂದು ನೋಡುವುದು. ಅಲ್ಲಿನ ಇಗರ್ಜಿ ಒಳಗೂ ಹೂವು ಬರೆದಿದ್ದಾರೆ, ಪಾದ್ರಿಯ ಬಟ್ಟೆಯಲ್ಲೂ ಅದೇ ಹೂವಿನ ಕಸೂತಿ. ಬಿಟ್ಟು ಬರಬೇಡಿ.

ಹುಬ್ಬಳ್ಳಿ_ಹೈದ:
ಇದನ್ನ ಮೊದ್ಲ ಹೇಳಿದ್ರ ನಾನೂ ಹಬ್ಬದ ಟೈಮಿಗೆ ಹೋಗ್ತಿದ್ನಿ, ನಾ ನವೆಂಬರ್‌ನ್ಯಾಗ ಹೋಗಿ ಥಂಡ್ಯಾಗ ಸತ್ತೆ. ಆದ್ರ ಒಂದ್ ಪ್ರಶ್ನೆ ಐತ್ರಿ. ಇಷ್ಟೆಲ್ಲಾ ಊರು, ಸಂಘ, ಒಗ್ಗಟ್ಟು ಅಂತೀರಿ, ಯುದ್ಧದಾಗ ಆ ಕಡೆ ಯಹೂದಿಗಳು ಭಾಳ ಇದ್ರಲ್ಲ, ಅವರ ಕಥಿ ಏನಾತು? ಅದನ್ಯಾಕ ಯಾರೂ ಹೇಳಂಗಿಲ್ಲ?

ಹಳೇ_ಕಡತ:
ಒಳ್ಳೆ ಪ್ರಶ್ನೆ. ಹಳ್ಳಿಗಳಿಗಿಂತ ಪೇಟೇಲಿ ಜಾಸ್ತಿ ಇದ್ರು, ಅಂದ್ರೆ ತಾಲೂಕು ಕೇಂದ್ರದಂತಿರೋ ದೊಂಬ್ರೊವಾ ಟಾರ್ನೋವ್ಸ್ಕಾದಲ್ಲಿ. ಹಳ್ಳಿಯವರು ಕೋಳಿ ಮೊಟ್ಟೆ ಮಾರ್ತಿದ್ದಿದ್ದು, ಉಪ್ಪು ಬಟ್ಟೆ ತರ್ತಿದ್ದಿದ್ದು ಇವರ ಅಂಗಡಿಗಳಲ್ಲೇ. 1942ರಲ್ಲಿ ಜರ್ಮನ್ನರು ಅವರನ್ನ ಬೆಲ್ಝೆಟ್ಸ್ ಕೊಲೆ ಶಿಬಿರಕ್ಕೆ ಸಾಗಿಸಿದ್ರು. ತಪ್ಪಿಸ್ಕೊಂಡು ಓಡಿದವರು ಸುತ್ತಲಿನ ಹಳ್ಳಿ, ಕಾಡು, ಕೊಟ್ಟಿಗೆ ಅಟ್ಟಗಳಲ್ಲಿ ಅಡಗಿದ್ರು. ಆಶ್ರಯ ಕೊಟ್ಟವರಿಗೆ ಮರಣದಂಡನೆ ಅಂತ ಜರ್ಮನ್ನರ ಕಾನೂನು, ಆದ್ರೂ ಕೊಟ್ಟವರಿದ್ರು, ಜೀವ ಕಳ್ಕೊಂಡವರೂ ಇದ್ರು. ಹಿಡಿದು ಕೊಟ್ಟವರೂ ಇದ್ರು. ಇದೇ ಜಿಲ್ಲೆ ಬಗ್ಗೆ ಯಾನ್ ಗ್ರಬೋವ್ಸ್ಕಿ ಅನ್ನೋ ಇತಿಹಾಸಕಾರರು ಕೋರ್ಟ್ ಕಡತ, ಬದುಕುಳಿದವರ ಹೇಳಿಕೆ ಎಲ್ಲಾ ಅಗೆದು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹುಡುಕಾಟಕ್ಕೆ ಊರಿನ ರಾತ್ರಿ ಗಸ್ತಿನವರು, ಫೈರ್ ಬ್ರಿಗೇಡಿನವರು, ಊರ ಮುಖ್ಯಸ್ಥರನ್ನ ಹೇಗೆ ಬಳಸಿದ್ರು, ಕೆಲವರು ಬಲವಂತಕ್ಕೆ, ಕೆಲವರು ದುರಾಸೆಗೆ ಹೇಗೆ ಸೇರಿದ್ರು ಅಂತ ಅದರಲ್ಲಿದೆ. ಪೋಲೆಂಡಲ್ಲಿ ಅದರ ಮೇಲೆ ದೊಡ್ಡ ಗಲಾಟೆನೇ ಆಯ್ತು. ಇದು ಜಿಲ್ಲೆ ಮಟ್ಟದ ಮಾತು, ಜಾಲಿಪ್ಯೆ ಅನ್ನೋ ಒಂದೇ ಊರಿನ ಮೇಲೆ ಹಾಕೋ ಮಾತಲ್ಲ. ಅಕ್ಕ ಮೇಲೆ ಹೇಳಿದ ಅದೇ ಸಂಸ್ಥೆಗಳು ಒಳ್ಳೇದಕ್ಕೂ ಬಂದ್ವು, ಇದಕ್ಕೂ ಬಂದ್ವು. ದೊಂಬ್ರೊವಾದಲ್ಲಿ 19ನೇ ಶತಮಾನದ ದೊಡ್ಡ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇದೆ, ಪಾಳು ಬಿದ್ದಿತ್ತು, ರಿಪೇರಿ ಮಾಡಿ 2012ರಲ್ಲಿ ಸಂಸ್ಕೃತಿ ಕೇಂದ್ರವಾಗಿ ತೆರೆದ್ರು. ಜಾಲಿಪ್ಯೆಗೆ ಹೋಗೋರು ಅದನ್ನೂ ನೋಡ್ಬೇಕು ಅನ್ನೋದು ನನ್ನ ಅಭಿಪ್ರಾಯ, ಬರೀ ಹೂವು ನೋಡಿ ಬಂದ್ರೆ ಆ ಸೀಮೆ ಅರ್ಧ ನೋಡಿದ ಹಾಗೆ.

ಯುದ್ಧದ್ದೇ ಇನ್ನೊಂದು ಕಥೆ. 1944ರ ಜುಲೈ ಕೊನೆ, ಅಲ್ಲೇ ದುನಾಯೆಟ್ಸ್ ಬಯಲಲ್ಲಿ ವಾವ್ ರೂದಾ ಅನ್ನೋ ಹಳ್ಳಿ ಹತ್ರ ರಾತ್ರೋರಾತ್ರಿ ಇಟಲಿಯಿಂದ ಒಂದು ಬ್ರಿಟಿಷ್ ಡಕೋಟಾ ವಿಮಾನ ಹೊಲದಲ್ಲಿ ಇಳೀತು. ಪೋಲಿಷ್ ಭೂಗತ ಸೈನ್ಯದವರು ಕದ್ದಿಟ್ಟಿದ್ದ ಜರ್ಮನ್ ವಿ-2 ರಾಕೆಟ್ಟಿನ ಭಾಗಗಳನ್ನ ಲಂಡನ್‌ಗೆ ಒಯ್ಯೋಕೆ. ಜರ್ಮನ್ ಸೈನ್ಯ ಅಲ್ಲೇ ಹತ್ರದಲ್ಲಿ. ಲೋಡ್ ಆಯ್ತು, ವಿಮಾನ ಮೇಲೇಳ್ತಿಲ್ಲ, ಚಕ್ರ ಕೆಸರಲ್ಲಿ ಹೂತೋಗಿದೆ! ಕೈಯಲ್ಲಿ ಮಣ್ಣು ತೋಡಿ, ಹಲಗೆ ಹಾಸಿ, ಕೊನೆಗೂ ಹಾರಿಸಿದ್ರು.

ಕುಡ್ಲದ_ಸೊಸೆ:
ಮಾವನ ಕಡೆಯ ಹಿರಿಯರು ಆ ವಿಮಾನದ ಕಥೆ ಹತ್ತು ಸಲ ಹೇಳ್ತಾರೆ, ಯಹೂದಿಗಳ ವಿಷಯ ಬಂದರೆ ಮಾತು ಬೇರೆ ಕಡೆ ಹೋಗ್ತದೆ. ನಾನು ಸೊಸೆ, ಕೆದಕಲಿಕ್ಕೆ ಹೋಗಲಿಲ್ಲ.

ಇನ್ನೊಂದು ವಿಷಯ, ಊರಲ್ಲಿ ಈಗ ಯುವಕರು ಕಡಿಮೆ. 2004ರಲ್ಲಿ ಪೋಲೆಂಡ್ ಯುರೋಪಿಯನ್ ಯೂನಿಯನ್ ಸೇರಿದ ಮೇಲೆ ಎಷ್ಟೋ ಜನ ಇಂಗ್ಲೆಂಡ್, ಐರ್ಲೆಂಡ್ ಅಂತ ಹೋದರು, ಉಳಿದವರು ಟಾರ್ನೋವ್, ಕ್ರಾಕೋವ್. ಭೂಮಿ ಇಟ್ಟುಕೊಂಡವರು ಸಹ ನೌಕರಿ ಮಾಡಿಕೊಂಡು ಸಂಜೆ ಹೊಲ ನೋಡುವುದು. ಕಮ್ಯುನಿಸ್ಟ್ ಕಾಲದಲ್ಲಿ ಬೇರೆ ದೇಶದ ಹಾಗೆ ಇಲ್ಲಿ ಭೂಮಿ ಕಿತ್ತುಕೊಂಡು ಒಟ್ಟು ಮಾಡ್ಲಿಕ್ಕೆ ಆಗಲಿಲ್ಲ, 1956ರ ನಂತರ ಸಾಮೂಹಿಕ ಬೇಸಾಯ ಹೆಚ್ಚಿನ ಕಡೆ ಬಿದ್ದೇ ಹೋಯ್ತು, ಹಾಗಾಗಿ ಈಗಲೂ ಮನೆ ಮನೆಗೆ ಸ್ವಂತ ಪಟ್ಟಿ ಹೊಲ ಇದೆ. ಮಾವ ಅದನ್ನು ಬಹಳ ಹೆಮ್ಮೆಯಿಂದ ಹೇಳ್ತಾರೆ.

ಸುಣ್ಣ_ಮಸಿ:
ಪ್ರಾಕ್ಟಿಕಲ್ ವಿಷಯ ಹೇಳಿ ನಾನು ಮುಗಿಸ್ತೀನಿ. ಕ್ರಾಕೋವ್ ಇಂದ ಕಾರಲ್ಲಿ ಒಂದೂವರೆ ಗಂಟೆ ಇಟ್ಕೊಳ್ಳಿ. ಟಾರ್ನೋವ್ ತನಕ ಟ್ರೈನ್ ಚೆನ್ನಾಗಿದೆ, ಅಲ್ಲಿಂದ ಮುಂದೆ ಬಸ್ ನಂಬ್ಕೊಂಡು ವಯಸ್ಸಾದವರನ್ನ ಕರ್ಕೊಂಡು ಹೋಗ್ಬೇಡಿ. ಮೊದಲು ಫೆಲಿತ್ಸ್ಯಾ ಮನೆ, ಆಮೇಲೆ "ಚಿತ್ರಗಾರ್ತಿಯರ ಮನೆ" ಅಂತ ಒಂದು ಕೇಂದ್ರ ಇದೆ, ಅಲ್ಲಿ ಹೆಂಗಸರು ಬರೆಯೋದನ್ನ ನೋಡ್ಬಹುದು, ತಟ್ಟೆ, ಮರದ ಚಮಚ, ಕರವಸ್ತ್ರ ಮಾರ್ತಾರೆ, ದುಡ್ಡು ಖರ್ಚು ಮಾಡೋದಾದ್ರೆ ಅಲ್ಲೇ ಮಾಡಿ, ಕ್ರಾಕೋವ್ ಮಾರ್ಕೆಟ್‌ನಲ್ಲಿ ಬರೋದು ಎಲ್ಲಿ ಪ್ರಿಂಟ್ ಆಗಿದ್ದೋ ಏನೋ. ಇನ್ನು ಉಳಿದ ಮನೆಗಳು ಜನ ಬಾಳೋ ಮನೆಗಳು. ಗೇಟು ತೆಗೆದು ಒಳಗೆ ನುಗ್ಗಿ ಸೆಲ್ಫಿ ತೆಗೀಬೇಡಿ, ಅಂಗಳದಲ್ಲಿ ಯಾರಾದ್ರೂ ಇದ್ರೆ "ಜೆನ್ ದೊಬ್ರಿ" (ನಮಸ್ಕಾರ) ಅಂತ ಹೇಳಿ ಕೈ ಸನ್ನೇಲಿ ಕೇಳಿ, ಹೆಚ್ಚಿನವರು ನಗ್ತಾ ಬನ್ನಿ ಅಂತಾರೆ. ಮ್ಯೂಸಿಯಂ ಟೈಮಿಂಗ್ ಹೋಗೋ ಮುಂಚೆ ಒಂದ್ಸಲ ಚೆಕ್ ಮಾಡ್ಕೊಳ್ಳಿ, ಸೀಸನ್ ಪ್ರಕಾರ ಬದಲಾಗುತ್ತೆ.

ವಿಸ್ತುಲಾ_ದಂಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿನಗಾಗ್, ವಿಟೋಸ್ ಮನೆ ಎರಡೂ ಲಿಸ್ಟಿಗೆ ಹಾಕ್ಕೊಂಡೆ. ಕೊನೇ ಪ್ರಶ್ನೆ, ಅಪ್ಪ ಅಮ್ಮ ಪ್ಯೂರ್ ವೆಜ್, ಆ ಕಡೆ ಊಟ ಏನು ಸಿಗುತ್ತೆ?

ಕುಡ್ಲದ_ಸೊಸೆ:
ಪ್ಯೆರೋಗಿ ರುಸ್ಕ್ಯೆ ಕೇಳಿ, ನಮ್ಮ ಕಡುಬಿನ ಹಾಗೆ, ಒಳಗೆ ಆಲೂಗಡ್ಡೆ ಮತ್ತೆ ಪನೀರ್ ತರದ ಬಿಳಿ ಚೀಸ್. ಆದರೆ ಮೇಲಿಂದ ಹುರಿದ ಹಂದಿ ಕೊಬ್ಬಿನ ಚೂರು ಹಾಕಿ ಕೊಡ್ತಾರೆ, ಅದು ವೆಜ್ ಅಲ್ಲ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಆರ್ಡರ್ ಮಾಡುವಾಗಲೇ "ಬೆಸ್ ಸ್ಕ್ವಾರೆಕ್" ಅಂತ ಹೇಳಿ, ಬೆಣ್ಣೆ ಹಾಕಿ ಕೊಡ್ತಾರೆ. ಬೇಸಿಗೆಯಲ್ಲಿ ಸ್ಟ್ರಾಬೆರಿ, ಬ್ಲೂಬೆರಿ ತುಂಬಿದ ಸಿಹಿ ಪ್ಯೆರೋಗಿ ಸಹ ಸಿಗ್ತದೆ, ಅದಕ್ಕೆ ಏನೂ ಭಯ ಇಲ್ಲ. ಸೂಪ್ ಮಾತ್ರ ಕೇಳದೆ ತಗೊಳ್ಬೇಡಿ, ತರಕಾರಿ ಸೂಪಿಗೂ ಮೂಳೆ ಬೇಯಿಸಿದ ನೀರೇ ಹಾಕುವುದು. ಮನೆಯಿಂದ ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ, ಅಲ್ಲಿ ಹಳ್ಳಿಯಲ್ಲಿ ಹೋಟೆಲ್ ಹುಡುಕುತ್ತಾ ಕೂರಬೇಡಿ.